ಎಪ್ಪತ್ತು ದಾಟಿದವರು ಬೇಕಾಗಿದ್ದಾರೆ

ಆಸ್ಪತ್ರೆಗೆ ಸೇರಿದ ಮುದುಕರು ಗುಣವಾಗಿ ನಗುನಗುತ್ತ ಮನೆಗೆ ಹೊರಟರೆ ಯಾವ ಡಾಕ್ಟರಿಗಾದರೂ ಸಂತೋಷವಾಗಬೇಕು. ಆದರೆ ಅವತ್ತು ಬೆಳಗ್ಗೆ ಪಾಳಿ ಮುಗಿಸಿ ವಾರ್ಡಿಗೆ ಕೊನೆಯ ಸುತ್ತು ಬಂದ ರಾತ್ರಿ ಡಾಕ್ಟರು, ಕಿಟಕಿ ಪಕ್ಕದ ಮಂಚ ಖಾಲಿಯಿರುವುದನ್ನು ಕಂಡು ಎದೆ ಹಿಡಿದುಕೊಂಡರು.

“ಸಿಸ್ಟರ್, ಇಲ್ಲಿದ್ದ ತಾತ ಎಲ್ಲಿ?”

“ಡಿಸ್ಚಾರ್ಜ್ ಆದ್ರು ಸಾರ್. ಮಗ ಬಂದು ಕರ್ಕೊಂಡು ಹೋದ್ರು. ಪಾಪ, ನಡ್ಕೊಂಡೇ ಹೋದ್ರು!”

“ನಡ್ಕೊಂಡೇ ಹೋದ್ರಾ? ಅಯ್ಯೋ ದೇವರೇ, ಕೆಲಸ ಕೆಟ್ಟಿತಲ್ಲ!”

ಸಿಸ್ಟರ್ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಡಾಕ್ಟರಿಗೆ ನಿದ್ದೆ ಕಡಿಮೆಯಾಗಿದೆ ಎಂದು ಆಸ್ಪತ್ರೆಗೆಲ್ಲ ಗೊತ್ತಿತ್ತು, ತಲೆಯೂ ಕೆಟ್ಟಿದೆ ಅನ್ನುವುದು ಅವಳಿಗೆ ಈಗ ತಿಳಿಯಿತು.

ಆದರೆ ಡಾಕ್ಟರ ಸಂಕಟ ಡಾಕ್ಟರಿಗೇ ಗೊತ್ತು. ಆ ಚಿಕ್ಕ ಆಸ್ಪತ್ರೆಗೆ ಸೇರಿದ ದಿನದಿಂದ ಅವರಿಗೆ ರಾತ್ರಿ ಪಾಳಿಯೇ. ಹಾಗಾಗಿಯೇ ಅವರಿಗೆ ರಾತ್ರಿ ಡಾಕ್ಟರು ಎಂಬ ಹೆಸರು. ಹೆಂಡತಿ ಬ್ಯಾಂಕಿಗೆ ಹೊರಡುವಾಗ ಇವರು ಮನೆಗೆ ಬರುತ್ತಿದ್ದರು, ಅವಳು ಬರುವಾಗ ಇವರು ಹೊರಡುತ್ತಿದ್ದರು. ಸಂಸಾರದ ಮಾತುಕತೆಯೆಲ್ಲ ಅವರ ಮನೆಯಿದ್ದ ಕಟ್ಟಡದ ಮೆಟ್ಟಿಲ ಮೇಲೇ ನಡೆಯುತ್ತಿತ್ತು. ಮಗಳು ಶಾಲೆಯಲ್ಲಿ ಮನೆಯವರ ಚಿತ್ರ ಬಿಡಿಸಿದಾಗ ಅಮ್ಮನನ್ನು ನಿಲ್ಲಿಸಿ, ಅಪ್ಪನನ್ನು ಮಲಗಿಸಿ ಬಿಡಿಸಿದ್ದಳು. ಟೀಚರು ಪಾಪ, ಗಾಬರಿಯಾಗಿ ಮನೆಗೆ ಫೋನು ಮಾಡಿ ವಿಚಾರಿಸಿದ್ದರು.

ಹೀಗಿರುವಾಗ ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರು ಹಿರಿಯರಿಗಾಗಿ ಒಂದು ವಾರ್ಡು ತೆರೆಯುವುದಾಗಿ ಹೇಳಿದರು. ವೃದ್ಧರ ಆರೈಕೆಯ ಆನ್‌ಲೈನ್ ತರಬೇತಿ ಮುಗಿಸಿದವರೇ ಅದಕ್ಕೆ ಇನ್‌ಚಾರ್ಜು. ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು. ಸಂಜೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ರಾತ್ರಿ ಡಾಕ್ಟರು ಹೆಸರು ಕೊಟ್ಟುಬಿಟ್ಟರು. ಅಂದಿನಿಂದ ಹಗಲಿನ ನಿದ್ದೆಯೂ ಹೋಯಿತು. ಒಮ್ಮೆ ಪಾಠದ ನಡುವೆ ಮೈಕು ಮುಚ್ಚದೆ ಗೊರಕೆ ಹೊಡೆದಾಗ, ಪಾಠ ಮಾಡುತ್ತಿದ್ದವರು “ಇಂಥ ಗೊರಕೆ ವಯಸ್ಸಾದವರಲ್ಲಿ ಸಾಮಾನ್ಯ, ಕೇಳಿಸಿಕೊಳ್ಳಿ” ಎಂದು ಎಲ್ಲರಿಗೂ ಕೇಳಿಸಿದ್ದರು.

ಇವತ್ತು ನಾಲ್ಕು ಗಂಟೆಗೆ ಕೊನೆಯ ಪರೀಕ್ಷೆ. ಕ್ಯಾಮೆರಾ ಮುಂದೆ ಎಪ್ಪತ್ತು ದಾಟಿದ ಒಬ್ಬರನ್ನು ಕೂರಿಸಿಕೊಂಡು, ಪರೀಕ್ಷಕರ ಎದುರಿಗೇ ತಪಾಸಣೆ ಮಾಡಿ, ಅವರಲ್ಲಿ ಅಡಗಿರುವ ತೊಂದರೆ ಮೂರನ್ನಾದರೂ ಹುಡುಕಿ ತೋರಿಸಬೇಕು. ಹೋಗಿಬಿಟ್ಟ ತಾತ ಅದಕ್ಕೆ ಹೇಳಿ ಮಾಡಿಸಿದಂತಿದ್ದರು. ಬೆನ್ನು ಬಾಗಿತ್ತು, ಕಿವಿ ಮಂದ, ಚೀಲದ ತುಂಬ ಮಾತ್ರೆ, ಮೇಲೆ ಮರೆವು ಬೇರೆ. ಮೂರಲ್ಲ, ಮೂವತ್ತು ತೊಂದರೆ ಇದ್ದವು. ಅಂಥ ಬಂಗಾರದಂಥ ಮನುಷ್ಯನನ್ನು ಯಾರೋ ಅವಿವೇಕಿ ಗುಣ ಮಾಡಿ ಕಳಿಸಿದ್ದ. ಡಿಸ್ಚಾರ್ಜ್ ಕಾಗದ ತೆಗೆದು ನೋಡಿದರೆ ನಿದ್ದೆಗಣ್ಣಿನಲ್ಲಿ ಹಾಕಿದ ತಮ್ಮದೇ ಸಹಿ ಇತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ಕುಸಿದು ಕೂತರು. ಪರೀಕ್ಷೆಗೆಂದು ಅವಳು ಬ್ಯಾಂಕಿಗೆ ರಜೆ ಹಾಕಿದ್ದಳು.

“ಅದಕ್ಯಾಕ್ರೀ ಅಷ್ಟೊಂದು ಯೋಚನೆ? ನಮ್ಮಮ್ಮನ್ನ ಕರೀಲಾ?”

“ಸಂಬಂಧಿಕರು ಆಗಲ್ವಂತೆ ಕಣೇ.”

ಅತ್ತೆಯಲ್ಲಿ ಮೂರು ದೋಷ ಹುಡುಕಲು ಎರಡು ನಿಮಿಷ ಸಾಕಿತ್ತು ಎಂದು ನಾಲಿಗೆಯ ತುದಿಗೆ ಬಂದ ಮಾತನ್ನು ಡಾಕ್ಟರು ನುಂಗಿಕೊಂಡರು.

“ಹಾಗಾದ್ರೆ ಕಟ್ಟಡದಲ್ಲಿ ಕೇಳಿ. ಇಲ್ಲಿ ಮುದುಕರಿಗೇನು ಬರ?” ಎಂದಳು ಹೆಂಡತಿ.

ಬರ ಎಂಥದ್ದು ಎಂದು ಡಾಕ್ಟರಿಗೆ ಗೊತ್ತಾದದ್ದು ಮೇಲಿನ ಮಹಡಿಗೆ ಹೋದ ಮೇಲೆ. ಅಲ್ಲಿ ನಿವೃತ್ತ ಹೆಡ್ ಮೇಷ್ಟ್ರ ಮನೆ. ಮೇಷ್ಟ್ರಿಗೆ ಎಪ್ಪತ್ತಾರು.

“ಮೇಷ್ಟ್ರೇ, ಒಂದು ಉಪಕಾರ ಆಗಬೇಕಿತ್ತು. ಎಪ್ಪತ್ತು ದಾಟಿದವರೊಬ್ಬರು ಬೇಕಾಗಿದ್ದಾರೆ.”

“ಹೌದಾ? ನಮ್ಮ ಕಟ್ಟಡದಲ್ಲಿ ಅಂಥವರು ಯಾರಿದ್ದಾರೆ?” ಮೇಷ್ಟ್ರು ಗಲ್ಲ ಕೆರೆದುಕೊಂಡು ನಿಜವಾಗಿಯೂ ಯೋಚಿಸಿದರು. “ಹಾಂ! ಕೆಳಗಡೆ ಕಂಡಕ್ಟರ್ ಇದ್ದಾನಲ್ಲ. ಮುದುಕ ಅಂದ್ರೆ ಅವನು ನೋಡಿ. ಹೋಗಿ, ನಾನೇ ಕಳಿಸಿದೆ ಅಂತ ಮಾತ್ರ ಹೇಳ್ಬೇಡಿ.”

ನೆಲಮಹಡಿಯ ನಿವೃತ್ತ ಬಸ್ ಕಂಡಕ್ಟರು ಬಾಗಿಲಲ್ಲೇ ತಡೆದು ನಿಲ್ಲಿಸಿದರು.

“ಎಪ್ಪತ್ತಾ? ಮೇಲ್ಗಡೆ ಮೇಷ್ಟ್ರನ್ನ ಕೇಳಿ ಸ್ವಾಮಿ. ನಂಗಿನ್ನೂ ಅರವತ್ತೆಂಟು.”

ಡಾಕ್ಟರು ಆ ಕಟ್ಟಡಕ್ಕೆ ಬಂದ ವರ್ಷವೂ ಅವರಿಗೆ ಅರವತ್ತೆಂಟೇ ಆಗಿತ್ತು. ವಯಸ್ಸಿನ ಬಸ್ಸು ಆ ಸ್ಟಾಪಿನಲ್ಲೇ ಕೆಟ್ಟು ನಿಂತುಬಿಟ್ಟಿತ್ತು.

ಎದುರುಮನೆಯ ಅಜ್ಜಿಯ ಸೊಸೆ ಮಾತ್ರ ಮುಖ ಅರಳಿಸಿದಳು. “ಧಾರಾಳವಾಗಿ ಕರ್ಕೊಂಡು ಹೋಗಿ ಡಾಕ್ಟ್ರೇ. ಸಂಜೆವರೆಗೂ ಬೇಕಾದ್ರೂ ಇಟ್ಕೊಳ್ಳಿ!” ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಧ್ವನಿ ಬಂತು. “ಏಯ್, ನಾನು ಅಜ್ಜಿ ಆಗಿದ್ದು ಮೊಮ್ಮಗ ಹುಟ್ಟಿದ್ದಕ್ಕೆ ಕಣಪ್ಪ, ವಯಸ್ಸಾಗಿದ್ದಕ್ಕಲ್ಲ! ಬೇರೆ ಮನೆ ನೋಡ್ಕೋ!”

ಜೋಲುಮುಖ ಹಾಕಿಕೊಂಡು ಬರುವಾಗ ಲಿಫ್ಟಿನ ಬಳಿ ಕಟ್ಟಡದ ಸಂಘದ ಕಾರ್ಯದರ್ಶಿಗಳು ಸಿಕ್ಕಿದರು. ಇನ್ನೊಬ್ಬರ ತಾಪತ್ರಯ ಅಂದರೆ ಅವರಿಗೆ ಹಸಿದವನಿಗೆ ಊಟ ಸಿಕ್ಕ ಹಾಗೆ. ಪೂರ್ತಿ ಕೇಳಿಸಿಕೊಂಡು, “ಇಷ್ಟೇನಾ? ನನಗೆ ಬಿಡಿ, ಹೋಗಿ ಒಂದು ನಿದ್ದೆ ಮಾಡಿ” ಎಂದರು. ಡಾಕ್ಟರು ಬಿಟ್ಟರು. ಅವರು ಜೀವನದಲ್ಲಿ ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಮೂರೂವರೆಗೆ ಬಾಗಿಲ ಗಂಟೆ ಹೊಡೆದುಕೊಂಡಿತು. ತೆರೆದರೆ ಜಾತ್ರೆ! ಮೇಷ್ಟ್ರು, ಕಂಡಕ್ಟರು, ಅಜ್ಜಿ, ಅವರ ಹಿಂದೆ ಕಟ್ಟಡದ ಹಿರಿಯರ ದಂಡೇ, ಕರೆತಂದ ಸೊಸೆಯಂದಿರ ಜೊತೆ ನಿಂತಿತ್ತು. ಮೇಷ್ಟ್ರ ತಲೆ ಕಪ್ಪಾಗಿತ್ತು. ಬಣ್ಣ ಹಚ್ಚುವ ಅವಸರದಲ್ಲಿ ಒಂದು ಕಿವಿಯೂ ಕಪ್ಪಾಗಿತ್ತು. ಕಂಡಕ್ಟರು ಮೊಮ್ಮಗನ ಓಟದ ಬೂಟು ಹಾಕಿದ್ದರು. ಎಲ್ಲರ ಊರುಗೋಲುಗಳೂ ಮೆಟ್ಟಿಲ ಮೂಲೆಯಲ್ಲಿ ಒಂದಕ್ಕೊಂದು ಒರಗಿ ನಿಂತಿದ್ದವು.

ಕಾರ್ಯದರ್ಶಿಗಳು ಹೆಮ್ಮೆಯಿಂದ ಫೋನು ತೋರಿಸಿದರು. ಕಟ್ಟಡದ ಗ್ರೂಪಿನಲ್ಲಿ ಹೀಗೆ ಹಾಕಿದ್ದರು: ‘ನಮ್ಮ ಕಟ್ಟಡದ ಅತ್ಯಂತ ಆರೋಗ್ಯವಂತ ಹಿರಿಯರ ಆಯ್ಕೆ. ಡಾಕ್ಟರ ಮನೆಯಲ್ಲಿ. ನೇರ ಪ್ರಸಾರ!’

“ಏನ್ರೀ ಇದು!” ಡಾಕ್ಟರಿಗೆ ಅಳುವೇ ಬಂತು. “ನನಗೆ ಬೇಕಾಗಿದ್ದು ರೋಗ!”

“ಮುದುಕರು ಬೇಕು, ರೋಗ ಇರಲಿ ಅಂದ್ರೆ ಯಾರು ಬರ್ತಾರೆ ಡಾಕ್ಟ್ರೇ? ಮಾತನ್ನ ಸ್ವಲ್ಪ ತಿದ್ದಿದೀನಿ ಅಷ್ಟೇ.”

ಇನ್ನು ಮಾಡುವುದೇನು? ನಾಲ್ಕು ಗಂಟೆಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಕನ್ನಡಕದ ಪರೀಕ್ಷಕಿ ಮೂಡಿದರು. “ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರೂ ನೋಡ್ತೀನಿ ಅಂದ್ರು, ಸೇರ್ಕೊಂಡಿದ್ದಾರೆ. ಶುರು ಮಾಡಿ” ಎಂದರು. ಪಕ್ಕದ ಚೌಕದಲ್ಲಿ ದೊಡ್ಡ ಡಾಕ್ಟರು ಕೈ ಬೀಸಿದರು. ಡಾಕ್ಟರು ಮನಸ್ಸಿನಲ್ಲೇ ಕಂಡ ಕಂಡ ದೇವರಿಗೆಲ್ಲ ಕೈಮುಗಿದು, ಇದ್ದವರಲ್ಲಿ ಹಿರಿಯರೆಂದು ಮೇಷ್ಟ್ರನ್ನು ಕುರ್ಚಿಗೆ ಕರೆದರು. ಮಿಕ್ಕವರು ಕ್ಯಾಮೆರಾದ ಹಿಂದೆ ಸಾಲಾಗಿ ಕೂತರು.

“ಮೂರು ಪದ ಹೇಳ್ತೀನಿ, ಆಮೇಲೆ ಕೇಳ್ದಾಗ ಹೇಳ್ಬೇಕು. ಬಾಗಿಲು, ನಾಯಿ, ಕೊಡೆ.”

ಸ್ವಲ್ಪ ಹೊತ್ತು ಬೇರೆ ಮಾತಾಡಿ ಮತ್ತೆ ಕೇಳಿದರೆ, ಮೇಷ್ಟ್ರು “ಬಾಗಿಲು, ನಾಯಿ...” ಎಂದು ಚಾವಣಿ ನೋಡಿದರು. ಕ್ಯಾಮೆರಾದ ಹಿಂದಿನಿಂದ ಅಜ್ಜಿ ಕೊಡೆ ಬಿಚ್ಚುವ ಹಾಗೆ ಜೋರಾಗಿ ಕೈಯಾಡಿಸಿತು. “ಕೊಡೆ!” ಎಂದರು ಮೇಷ್ಟ್ರು. ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದ ಮನುಷ್ಯನ ಮುಖದಲ್ಲಿ ಒಂದಿಷ್ಟೂ ನಾಚಿಕೆಯಿರಲಿಲ್ಲ.

“ಕುರ್ಚಿ ಹಿಡೀದೆ ಎದ್ದು ನಿಲ್ಲಿ.” ಮೇಷ್ಟ್ರು ಉಸಿರು ಬಿಗಿಹಿಡಿದು ಎದ್ದೇಬಿಟ್ಟರು. ಮುಖ ಟೊಮೇಟೊ ಹಣ್ಣಿನಂತಾಯಿತು, ತುಟಿಯ ಮೇಲೆ ಮಾತ್ರ ನಗು.

“ಹಾಗೇ ನಡೀರಿ.” ಮೇಷ್ಟ್ರು ನಡೆದರು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ನೆಟ್ಟಗೆ ಮೇಜಿನ ಕಡೆಗೇ ಹೊರಟರು. ಕಂಡಕ್ಟರು ಹಿಂದಿನಿಂದ “ರೈಟ್... ರೈಟ್... ಹೋಲ್ಡಾನ್!” ಎಂದು ಕೂಗಿದರು. ಮೇಷ್ಟ್ರು ಮೇಜಿಗೆ ಒಂದು ಗೇಣು ದೂರದಲ್ಲಿ ಗಕ್ಕನೆ ನಿಂತರು.

“ಯಾರದು ಧ್ವನಿ?” ಎಂದರು ಪರೀಕ್ಷಕಿ.

“ರಸ್ತೇಲಿ ಬಸ್ಸು ಮೇಡಂ” ಎಂದರು ಡಾಕ್ಟರು ಬೆವರೊರೆಸಿಕೊಂಡು.

ಬೀಳೋದು ಏನಾದ್ರೂ ಇದೆಯಾ? ಇಲ್ಲ. ಮಾತ್ರೆ? ಮಾತ್ರೆ ಅಂದ್ರೆ ಏನು ಅಂತಲೇ ಗೊತ್ತಿಲ್ಲ. ಕಿವಿ? ಬಾವಿಯಲ್ಲಿ ಸೂಜಿ ಬಿದ್ದರೂ ಕೇಳುತ್ತೆ. ಒಂದೊಂದು ಉತ್ತರಕ್ಕೂ ಹಿಂದಿನ ಸಾಲು ತಲೆಯಾಡಿಸುತ್ತಿತ್ತು. ಸಮಯ ಓಡುತ್ತಿತ್ತು.

“ಡಾಕ್ಟರ್, ಇನ್ನು ಸ್ವಲ್ಪ ಹೊತ್ತೇ ಇರೋದು. ಒಂದು ತೊಂದರೆಯೂ ಸಿಗಲಿಲ್ವಾ?” ಪರೀಕ್ಷಕಿಯ ಹುಬ್ಬು ಮೇಲೇರಿತು. “ಇವರಿಗೆ ನಿಜವಾಗ್ಲೂ ಎಪ್ಪತ್ತಾಗಿದೆಯಾ?”

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಡಾಕ್ಟರ ಕಣ್ಣೆದುರಿಗೆ ಸಂಜೆಯ ಬೀದಿ, ಮಗಳ ಜೊತೆ ಉದ್ಯಾನ, ಹೆಂಡತಿಯ ಜೊತೆ ರಾತ್ರಿಯೂಟ ಎಲ್ಲವೂ ಒಂದೊಂದಾಗಿ ಕರಗಿದವು. ಕೊನೆಯ ಆಸೆಯಿಂದ ಕೇಳಿದರು. “ನಿದ್ದೆ? ನಿದ್ದೆ ಹೇಗೆ ಬರುತ್ತೆ ಮೇಷ್ಟ್ರೇ?”

“ಮಗು ಮಲಗ್ದಂಗೆ ಮಲಗ್ತೀನಿ.”

ಬಾಗಿಲ ಬಳಿ ಯಾರೋ ಫಕ್ಕನೆ ನಕ್ಕರು. ಗಂಡನ ಕನ್ನಡಕ ಹಿಡಿದುಕೊಂಡು ಹುಡುಕಿ ಬಂದಿದ್ದ ಮೇಷ್ಟ್ರ ಹೆಂಡತಿ ಅದು.

“ಹೂಂ, ಮಗು ಥರಾನೇ! ಗಂಟೆಗೊಂದ್ಸಲ ಏಳ್ತಾರೆ. ದೀಪ ಹಾಕಿ ಅಂದ್ರೆ ಹಾಕಲ್ಲ. ಮೊನ್ನೆ ಕತ್ತಲಲ್ಲಿ ಬಚ್ಚಲಲ್ಲಿ ಬಿದ್ದು, ಬೀರು ಬಾಗಿಲು ಬಡೀತು ಅಂತ ಊರಿಗೆಲ್ಲ ಹೇಳಿದಾರೆ. ಮೇಲೆ ನಿದ್ದೆ ಮಾತ್ರೆ ಬೇರೆ, ಆ ಕಂಡಕ್ಟ್ರ ಹತ್ರ ಕಡ ತಂದು ನುಂಗ್ತಾರೆ!”

“ನೀನು ಬಾಯಿ ಮುಚ್ಚೇ!” ಎಂದರು ಮೇಷ್ಟ್ರು.

“ಕಡ ಕೊಟ್ಟಿದ್ದು ಒಂದೇ ಒಂದು ಸಲ!” ಎಂದು ಕಂಡಕ್ಟರು ಎದ್ದು ನಿಂತರು. ನಿಂತದ್ದೇ ತಪ್ಪಾಯಿತು. ಅವರ ಸೊಸೆಗೆ ಧೈರ್ಯ ಬಂತು. “ಮಾವ, ನಿಜ ಹೇಳ್ಬಿಡಿ. ರಾತ್ರಿ ಎದ್ದು ಬಾಗಿಲು ತೆಗೆದು, ಕೊನೇ ಬಸ್ಸು ಬಂತು ಹತ್ತಿ ಹತ್ತಿ ಅಂತ ಕೂಗ್ತಾರೆ ಡಾಕ್ಟ್ರೇ. ಬೆಳಗ್ಗೆ ಕೇಳಿದ್ರೆ ನೆನಪೇ ಇರಲ್ಲ. ನಮಗೆ ಭಯ ಆಗುತ್ತೆ.” ಕಂಡಕ್ಟರು ಬೂಟು ನೋಡುತ್ತ ಕೂತುಬಿಟ್ಟರು. ಅಜ್ಜಿಯ ಸೊಸೆಯೂ ಬಿಡಲಿಲ್ಲ. ಸಕ್ಕರೆ ಕಾಯಿಲೆಯ ಅಜ್ಜಿ ನಡುರಾತ್ರಿ ಬೆಲ್ಲದ ಡಬ್ಬಿಗೆ ಕೈಹಾಕುವುದು ಹೊರಬಿತ್ತು. ಒಬ್ಬರ ಗುಟ್ಟು ಬಿಚ್ಚಿದರೆ ಇನ್ನೊಬ್ಬರದು ನಿಲ್ಲುತ್ತದೆಯೇ? ಹಾಲ್ ತುಂಬ ದೂರು, ಅಳು, ನಗು ಎಲ್ಲ ಒಟ್ಟಿಗೇ ಎದ್ದವು.

ಡಾಕ್ಟರಿಗೆ ಹೋದ ಜೀವ ಬಂತು. ಇಂಥ ಫಸಲನ್ನು ಅವರು ಕನಸಿನಲ್ಲೂ ಕಂಡಿರಲಿಲ್ಲ. ಕ್ಯಾಮೆರಾದ ಕಡೆ ತಿರುಗಿದವರು, ಇಷ್ಟು ದಿನ ರಾತ್ರಿ ಪಾಳಿಯಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು.

“ನೋಡಿದ್ರಾ ಮೇಡಂ? ಹಗಲು ಹೊತ್ತಲ್ಲಿ ಮುದುಕರೇ ಇರಲ್ಲ. ಎಲ್ಲರೂ ಹುಲಿಗಳೇ. ನಾಲ್ಕು ಜನ ನೋಡ್ತಿದ್ದಾರಲ್ಲ, ಮಾನ ಬಿಡಕ್ಕಾಗಲ್ಲ. ದೀಪ ಆರಿದ ಮೇಲೇ ಅವರಿಗೆ ವಯಸ್ಸಾಗೋದು. ಬೀಳೋದು ರಾತ್ರಿ, ದಿಕ್ಕು ತಪ್ಪೋದು ರಾತ್ರಿ, ಹೆದರಿಕೆ ಆಗೋದೂ ರಾತ್ರೀನೇ. ಹಗಲು ಬಂದು ನಾಡಿ ಹಿಡ್ಕೊಂಡು ಹೋಗಕ್ಕೆ ಯಾರಾದ್ರೂ ಆಗುತ್ತೆ. ಹಿರಿಯರ ಡಾಕ್ಟರು ಅಂದ್ರೆ ರಾತ್ರಿ ಅವರ ಪಕ್ಕದಲ್ಲಿರೋನು ಮೇಡಂ!”

ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡರು. ಮೇಷ್ಟ್ರು ಮೆಲ್ಲಗೆ ಕೈಚಾಚಿ ಕನ್ನಡಕ ಈಸಿಕೊಂಡು ಹಾಕಿಕೊಂಡರು.

“ಡಾಕ್ಟರ್,” ಪರೀಕ್ಷಕಿಯ ಧ್ವನಿಯೇ ಬದಲಾಗಿತ್ತು, “ನಮ್ಮ ಪಾಠದಲ್ಲೂ ಇದನ್ನ ಇಷ್ಟು ಚೆನ್ನಾಗಿ ಹೇಳಿಲ್ಲ. ನೀವು ಪಾಸು. ಪೂರ್ತಿ ಅಂಕ ಕೊಡ್ತಿದೀನಿ.”

ಹಾಲ್ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಲ್ಯಾಪ್‌ಟಾಪಿನ ಹಿಂದೆ ನಿಂತಿದ್ದ ಹೆಂಡತಿ ಮಗಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದಳು. ಆಗ ಪಕ್ಕದ ಚೌಕದಲ್ಲಿದ್ದ ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡರು.

“ಶಭಾಷ್ ಕಣ್ರೀ! ನನ್ನ ಕಣ್ಣು ತೆರೆಸಿಬಿಟ್ರಿ. ಹಿರಿಯರ ವಾರ್ಡಿಗೆ ನೀವೇ ಇನ್‌ಚಾರ್ಜು, ಎರಡು ಮಾತಿಲ್ಲ. ನಾನು ದಡ್ಡ, ಹಗಲು ಪಾಳಿ ಅಂತ ಯೋಚನೆ ಮಾಡಿದ್ದೆ. ಈಗ ಅರ್ಥ ಆಯ್ತು. ನಿಮ್ಮಂಥವರು ಇರಬೇಕಾಗಿದ್ದು ರಾತ್ರಿ!”

“ಸಾರ್... ಹಗಲಿಗೆ?” ಡಾಕ್ಟರು ಪರದೆಯ ಹತ್ತಿರಕ್ಕೆ ಮುಖ ತಂದು ಕೇಳಿದರು.

“ಹಗಲಿಗೆ ನಮ್ಮ ಅಳಿಯ ಇದ್ದಾನಲ್ಲ, ಚರ್ಮದ ಡಾಕ್ಟರು. ನಾಡಿ ಹಿಡಿಯಕ್ಕೆ ಯಾರಾದ್ರೂ ಆಗುತ್ತೆ ಅಂತ ನೀವೇ ಹೇಳಿದ್ರಲ್ಲ? ಇನ್ನೊಂದು, ಭಾನುವಾರದ ರಜೆ ನಿಮಗೆ ಇರಲ್ಲ. ಹಿರಿಯರು ಭಾನುವಾರ ಅಂತ ಬೀಳೋದು ಬಿಡ್ತಾರಾ ಹೇಳಿ?”

ಪರದೆ ಕಪ್ಪಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಂಥ ಹಿರಿಯರೇ ಈಗ ಸಾಲಾಗಿ ಬಂದು ಡಾಕ್ಟರ ಕೈ ಕುಲುಕಿ, ಊರುಗೋಲು ತೆಗೆದುಕೊಂಡು ಹೊರಟರು. ಕಾರ್ಯದರ್ಶಿಗಳು ಫೋನಿನಲ್ಲಿ ಆಗಲೇ ಏನೋ ಬರೆಯುತ್ತಿದ್ದರು. “ಡಾಕ್ಟ್ರು ಹಗಲೆಲ್ಲ ಮನೇಲೇ ಇರ್ತಾರೆ, ಹಿರಿಯರು ಯಾವಾಗ ಬೇಕಾದ್ರೂ ಬರಬಹುದು ಅಂತ ಹಾಕ್ತಿದೀನಿ. ಸಂಕೋಚ ಮಾಡ್ಕೋಬೇಡಿ” ಎಂದು ಅವರೂ ಹೋದರು.

ಮನೆ ಖಾಲಿಯಾದ ಮೇಲೆ ಡಾಕ್ಟರು ಅದೇ ಕುರ್ಚಿಯಲ್ಲಿ ಕೂತು, ತಪ್ಪು ಮಾಡಿದ ಹುಡುಗನ ಹಾಗೆ ಹೆಂಡತಿಯನ್ನು ನೋಡಿದರು.

“ಪಾಸಾದೆ ಕಣೇ.”

ಅವಳು ಕೋಪ ಮಾಡಿಕೊಳ್ಳಲಿಲ್ಲ. ಅವರ ಬ್ಯಾಗು ತಂದು ಮಡಿಲಲ್ಲಿಟ್ಟಳು.

“ಗೊತ್ತಾಯ್ತು ಬಿಡಿ. ಇಷ್ಟು ದಿನ ಓದದೆ ರಾತ್ರಿ ಡ್ಯೂಟಿ ಮಾಡ್ತಿದ್ರಿ, ಇನ್ನು ಮೇಲೆ ಓದಿ ಮಾಡ್ತೀರ. ಏಳಿ, ಹೊತ್ತಾಯ್ತು.”