ಬೀರಪ್ಪ ಮೇಷ್ಟ್ರ ಹಸಿರು ಗೆರೆ

ದೆವ್ವದ ವಿಷಯದಲ್ಲಿ ನಾನು ವಿಚಾರವಾದಿ. ಆದರೆ ನನ್ನ ವಿಚಾರವಾದ ಬೆಳಕಿರುವಷ್ಟು ಹೊತ್ತು ಮಾತ್ರ. ಕರೆಂಟು ಹೋದರೆ ಅದೂ ಹೋಗುತ್ತದೆ. ಹಗಲು ಮಾತ್ರ ನನಗೆ ಯಾವ ಭಯವೂ ಇರಲಿಲ್ಲ. ರಾಯಚೂರು ಕಡೆಯ ಬಿಸಿಲಿಗೆ ಬದುಕಿರುವವರೇ ಹೊರಬೀಳುವುದಿಲ್ಲ, ಸತ್ತವರಿಗೇನು ಗರಜು ಎಂದು ನಂಬಿದ್ದೆ. ಆ ನಂಬಿಕೆ ಕಳಚಿಬಿದ್ದದ್ದು ಮಾನ್ವಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಊಟದ ಡಬ್ಬಿ ಮುಚ್ಚುತ್ತಿದ್ದ ಹೊತ್ತಿನಲ್ಲಿ.

ನಾನು ಅಲ್ಲಿ ಕನ್ನಡ ಪಾಠ ಮಾಡುತ್ತೇನೆ. ಇತಿಹಾಸದ ಬೀರಪ್ಪ ಮೇಷ್ಟ್ರು ನನ್ನ ಪಕ್ಕದ ಕುರ್ಚಿಯವರು, ಊರು ಮಸರಕಲ್. ದೇವದುರ್ಗ ತಾಲ್ಲೂಕಿನ ಊರುಗಳ ಹೆಸರು ಹೇಗೆ ಬಂದವು ಎಂದು ಇಬ್ಬರೂ ಸೇರಿ ಪುಸ್ತಕ ಬರೆಯುತ್ತಿದ್ದೆವು. ಮೊದಲೆಲ್ಲ ಕಡತವನ್ನು ಮೇಲ್‌ನಲ್ಲಿ ಅವರಿಗೆ ಕಳಿಸುವುದು, ಅವರು ತಿದ್ದಿ ವಾಪಸ್ ಕಳಿಸುವುದು. ಕೊನೆಗೆ ಯಾವುದು ಹೊಸದು ಎಂಬುದೇ ಜಗಳವಾಗುತ್ತಿತ್ತು. ಆಮೇಲೆ ಬ್ರೌಸರಿನಲ್ಲೇ ಒಂದೇ ಪುಟವನ್ನು ಇಬ್ಬರೂ ತೆರೆದು ಬರೆಯುವ ಅನುಕೂಲ ಬಂತು. ಅವರು ಎಲ್ಲಿ ಬರೆಯುತ್ತಿದ್ದಾರೋ ಅಲ್ಲಿ ಒಂದು ಹಸಿರು ಗೆರೆ ಮಿನುಗುತ್ತಿತ್ತು, ಅದರ ತಲೆಯ ಮೇಲೆ ‘ಬೀರಪ್ಪ’ ಎಂಬ ಚೀಟಿ. ನನ್ನದು ನೇರಳೆ. ನಾನು ಒಂದು ವಿಶೇಷಣ ಹಾಕಿದರೆ ಹಸಿರು ಗೆರೆ ಓಡಿ ಬಂದು ಅದನ್ನು ಅಳಿಸಿಹಾಕುತ್ತಿತ್ತು.

ಬೇಸಿಗೆ ರಜೆಯಲ್ಲಿ ಬೀರಪ್ಪ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಹೋಗಿಬಂದೆ. ಕಾಲೇಜು ಶುರುವಾದ ಮೇಲೆ ದಿನಾ ಊಟವಾದ ನಂತರ ಒಬ್ಬನೇ ಕುಳಿತು ಬರವಣಿಗೆ ಮುಂದುವರಿಸಿದೆ.

ಹಾಗೆ ಕುಳಿತಿದ್ದಾಗ ಪರದೆಯ ಮೂಲೆಯಲ್ಲಿ ಹೊಸ ಮೇಲ್ ಬಂದ ಸೂಚನೆ ಇಣುಕಿತು: ‘ಬೀರಪ್ಪ ಅವರು ನಿಮ್ಮ ಕಡತವನ್ನು ಬದಲಿಸಿದ್ದಾರೆ.’ ನಾನು ನೋಡುತ್ತಿದ್ದಂತೆಯೇ ಜಾಲಹಳ್ಳಿಯ ಅಧ್ಯಾಯದ ಕೆಳಗೆ ಒಂದಿಡೀ ಪ್ಯಾರಾ ದೊಪ್ಪನೆ ಬಿತ್ತು. ಅವರದೇ ಕನ್ನಡ, ಅವರದೇ ಗಿಡ್ಡ ವಾಕ್ಯಗಳು. ಕೊನೆಯ ಚುಕ್ಕಿಯ ಪಕ್ಕ ಹಸಿರು ಗೆರೆ ನಿಂತು ಮಿನುಗತೊಡಗಿತು. ಹೊರಗೆ ರಣರಣ ಬಿಸಿಲು. ನನ್ನ ಬೆನ್ನು ಮಾತ್ರ ತಣ್ಣಗಾಯಿತು. ವಿಚಾರವಾದಿಗಳು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಕಂಪ್ಯೂಟರ್ ವಿಭಾಗಕ್ಕೆ ಓಡಿದೆ.

ಅಲ್ಲಿಯ ಶಾಹಿದಾ ಮೇಡಂ ಶಾಂತವಾಗಿ ನೋಡಿದರು. “ಈಗ ಬ್ರೌಸರಿಗೆ ಹೊಸ ಸ್ಟ್ಯಾಂಡರ್ಡ್ ಬಂದಾವ್ರಿ ಸರ್. ನೆಟ್ ಇಲ್ದಾಗ ಬರ್ದಿದ್ದು ಬರ್ದವ್ರ ಲ್ಯಾಪ್‌ಟಾಪಿನ ಬ್ರೌಸರಿನಾಗ ಉಳಿತದ. ನೆಟ್ ಬಂದು ಪುಟ ತೆಗದ್ರ ತಾನಾ ಬರ್ತದ. ಮೇಷ್ಟ್ರು ಊರಾಗ ಕುಂತು ಬರ್ದಿರಬೇಕು.”

“ಮತ್ತ ಈ ಗೆರಿ ಇನ್ನಾ ಯಾಕ ನಿಂತದ್ರಿ?”

“ಯಾರರ ಪುಟ ತಗದು ಕುಂತಾರ,” ಎಂದರು, ಈ ಸಲ ಅಷ್ಟು ಶಾಂತವಾಗಿ ಅಲ್ಲ.

ಮರುದಿನವೂ ಅದೇ ಹೊತ್ತಿಗೆ ಗೆರೆ ಬಂತು. ಅದರ ಮರುದಿನವೂ. ಏನೂ ಬರೆಯುವುದಿಲ್ಲ, ನಾನು ಬರೆಯುವುದನ್ನು ನೋಡುತ್ತ ನಿಂತಿರುತ್ತದೆ. ಸತ್ತವರ ಕಣ್ಣೆದುರು ಸಂಧಿ, ಸಮಾಸ ಯಾವುದೂ ಸರಿಯಾಗಿ ಕೂಡುವುದಿಲ್ಲ. ತಡೆಯಲಾರದೆ ಭಾನುವಾರ ಮಸರಕಲ್ ಬಸ್ ಹತ್ತಿದೆ.

ಬೀರಪ್ಪನವರ ಹೆಂಡತಿ ಹುಲಿಗೆಮ್ಮ ನೀರು ಕೊಟ್ಟು ಕೂರಿಸಿದರು. ಲ್ಯಾಪ್‌ಟಾಪು ಪಡಸಾಲೆಯ ಮೇಜಿನ ಮೇಲೆ ತೆರೆದೇ ಇತ್ತು. ಮನೆಗೆ ಹೊಸದಾಗಿ ನೆಟ್ ಹಾಕಿಸಿದ್ದಾರೆ ಎಂದು ತಿಳಿಯಿತು.

“ಸರ್, ನೀವು ನಂಬಂಗಿಲ್ಲ,” ಎಂದರು ಅವರು ದನಿ ತಗ್ಗಿಸಿ. “ದಿನಾ ಉಂಡಾದ ಮ್ಯಾಲ ಅವ್ರು ಬಂದು ಬರಿತಾರ್ರಿ. ಅಕ್ಷರ ಒಂದೊಂದಾ ಮೂಡ್ತಾವ. ನಾ ಏನೂ ಮುಟ್ಟಂಗಿಲ್ಲ, ಸುಮ್ಮನ ಕುಂತು ನೋಡ್ತೀನಿ.”

ಆಗ ನನಗೆ ಹೊಳೆಯಿತು. ಗಂಡನ ಪುಟ ತೆರೆದು ಹುಲಿಗೆಮ್ಮ ಕೂತಿದ್ದಕ್ಕೆ ಮೂಡಿದ ಹಸಿರು ಗೆರೆ ನೋಡಿ ನಾನು ಅಲ್ಲಿ ಹೆದರುತ್ತಿದ್ದಾಗ, ಇಲ್ಲಿ ನನ್ನ ನೇರಳೆ ಗೆರೆ ಗಂಡನಾಗಿ ಓಡಾಡುತ್ತಿತ್ತು. ಅದರ ಚೀಟಿಯಲ್ಲಿ ಇದ್ದದ್ದು ನನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳು ಎರಡೇ. ಅವರು ಅದನ್ನು ಲಕ್ಷಿಸಿರಲಿಲ್ಲ. ದೆವ್ವ ಯಾರೆಂದರೆ ನಾನೇ.

ಹೇಳಿಬಿಡಬೇಕು. ಹೇಳದಿದ್ದರೆ ಅದು ಮೋಸ. “ಯವ್ವಾ, ಒಂದು ಮಾತು,” ಎಂದು ಶುರು ಮಾಡಿದೆ. ಅವರ ಮುಖ ನೋಡಿದೆ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡವರ ಮುಖದಂತಿತ್ತು. ನೀರಿನ ಲೋಟ ಮತ್ತೆ ಎತ್ತಿಕೊಂಡೆ.

ಅವರೇ ಮುಂದುವರಿಸಿದರು. “ನಂದೂ ಒಂದು ಮಾತದ್ರಿ. ಬರ್ದಿದ್ದೆಲ್ಲಾ ನನಗ ಓದಿ ಹೇಳ್ತಿದ್ರು, ಅದಕ ಗೊತ್ತಾಗ್ತದ. ಹ್ವಾದ ಮ್ಯಾಲ ಅವ್ರ ಕನ್ನಡ ಬಾಳ ಕೆಟ್ಟದ ಸರ್. ಒಂದು ಹೇಳಾಕ ಹತ್ತು ಹೇಳ್ತಾರ. ನೀವರ ಒಂದೀಟು ತಿದ್ರಿ.”

ತಿದ್ದುತ್ತೇನೆ ಎಂದು ಮಾತು ಕೊಟ್ಟು, ರೊಟ್ಟಿ ಉಂಡು ಬಂದೆ.

ಸೋಮವಾರ ಊಟವಾದ ಮೇಲೆ ಮೈಯೆಲ್ಲ ಎಚ್ಚರವಾಗಿ ಕುಳಿತು ಬರೆದೆ: ‘ಈ ಊರಿನ ಅತ್ಯಂತ ರಮಣೀಯವಾದ ಕೆರೆಯಿಂದ ಹೆಸರು ಬಂದಿದೆ.’ ಹಸಿರು ಗೆರೆ ಬಂತು. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ‘ಕೆರೆಯಿಂದ’ ಪದದ ಆರಂಭಕ್ಕೆ ಸರಿದು, ಹಿಂದಕ್ಕೆ ಒಂದೊಂದೇ ಅಕ್ಷರ ನುಂಗುತ್ತ ‘ಅತ್ಯಂತ ರಮಣೀಯವಾದ’ ಎಂಬುದನ್ನು ಮುಗಿಸಿ, ಮತ್ತೆ ನಿಂತು ಮಿನುಗಿತು.

ಹುಲಿಗೆಮ್ಮ ಅಳಿಸುವುದನ್ನು ಕಲಿತಿರಬೇಕು. ಫೋನ್ ಮಾಡಿ ಕೇಳಬಹುದಿತ್ತು. ಅವರು “ನಾ ಮುಟ್ಟಿಲ್ರಿ” ಎಂದುಬಿಟ್ಟರೆ ಏನು ಮಾಡುವುದೆಂದು ಕೇಳಲಿಲ್ಲ. ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡೆ. ಹಾಳಾದ್ದು, ಮೊದಲಿಗಿಂತ ಚೆನ್ನಾಗಿತ್ತು.