ಅಂಕಲ್ ಹೊಗಳಿದ ಆಟಗಾರರು

ದೆವ್ವ, ಮಾಟ, ಮಂತ್ರ ಯಾವುದನ್ನೂ ನಾನು ನಂಬುವವನಲ್ಲ. ಆದರೂ ಸ್ಯಾನ್ ಡಿಯಾಗೊಗೆ ಬಂದು ಬೇಸ್‌ಬಾಲ್ ಹುಚ್ಚು ಹತ್ತಿಸಿಕೊಂಡ ಮೇಲೆ, ನಂಬದವನ ಮೈಯೂ ಜುಮ್ಮೆನ್ನುವಂಥ ಸಂಗತಿಗಳು ನನ್ನ ಕಣ್ಣೆದುರಿಗೇ ಒಂದಾದ ಮೇಲೊಂದು ನಡೆದುಬಿಟ್ಟವು. ಎಲ್ಲದಕ್ಕೂ ಕಾರಣ ಒಬ್ಬರೇ, ನಮ್ಮ ಮೈಸೂರು ಅಂಕಲ್.

ಅಂಕಲ್ ವಿಮಾನದ ಕಂಪನಿಯಲ್ಲಿ ದುಡಿದು ರಿಟೈರ್ ಆಗಿ, ಲಾಸ್ ಏಂಜಲೀಸ್ ಹತ್ತಿರದ ರೆಡೊಂಡೊ ಬೀಚ್‌ನಲ್ಲಿ ಇದ್ದರು. ಮಗಳ ಮನೆ ನಮ್ಮ ಕಡೆ, ಡೆಲ್ ಮಾರ್‌ನಲ್ಲಿ. ಹಾಗಾಗಿ ಶನಿವಾರ, ಭಾನುವಾರ ಎರಡೂ ಊರಿನ ಆಟ ಅವರಿಗೆ ಸಲ್ಲುತ್ತಿತ್ತು. ಬಂಗಾರದಂಥ ಮನುಷ್ಯ. ಅವರಿಗೆ ನಮ್ಮ ಟೀಮ್, ಅವರ ಟೀಮ್ ಎಂಬ ಭೇದವಿಲ್ಲ. ಚೆನ್ನಾಗಿ ಆಡಿದವನನ್ನು ಬಾಯಿ ತುಂಬಾ ಹೊಗಳುತ್ತಾರೆ. ತೊಂದರೆ ಇದ್ದದ್ದೇ ಅಲ್ಲಿ. ಅವರ ನಾಲಿಗೆಯ ಮೇಲೆ ಕಾಳುಮೆಣಸಿನಷ್ಟು ಕಪ್ಪು ಮಚ್ಚೆಯಿತ್ತು. ಹೊಗಳುವಾಗ ‘ಮಾಶಾ ಅಲ್ಲಾ’ ಅಂದುಬಿಟ್ಟರೆ ದೃಷ್ಟಿ ತಗಲುವುದಿಲ್ಲ ಎಂದು ಆಂಟಿ ಎಷ್ಟು ಬಡಕೊಂಡರೂ, ಆಟದ ಗುಂಗಿನಲ್ಲಿ ಅಂಕಲ್‌ಗೆ ಅದು ನೆನಪಾಗುತ್ತಲೇ ಇರಲಿಲ್ಲ.

ಘಾಟಿಲ್ಲದ ಮೆಣಸಿನಕಾಯಿ

ಮೊದಲನೆಯ ಸಲ ನಡೆದದ್ದು ಅವರ ಮನೆಯಲ್ಲೇ. ಜೂನ್ ತಿಂಗಳು, ಮಧ್ಯಾಹ್ನವಾದರೂ ಸಮುದ್ರದ ಮಂಜು ಕಿಟಕಿಗೆ ಅಂಟಿಕೊಂಡಿತ್ತು. ಟಿವಿಯಲ್ಲಿ ಲಾಸ್ ಏಂಜಲೀಸಿನ ಹುಡುಗನೊಬ್ಬ ಚೆಂಡು ಎಸೆಯುತ್ತಿದ್ದ. ಎದುರಿಗೆ ಬಂದವರೆಲ್ಲ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸಾಗುತ್ತಿದ್ದರು.

“ಏನು ತೋಳು ನೋಡು ಬೇಟಾ, ಉಕ್ಕು,” ಅಂದರು ಅಂಕಲ್. “ಹತ್ತು ವರ್ಷ ಈ ತೋಳಿಗೆ ಏನೂ ಆಗಲ್ಲ.”

ಮುಂದಿನ ಚೆಂಡಿಗೇ ಆ ಹುಡುಗ ಮೊಣಕೈ ಹಿಡಿದುಕೊಂಡು ಕುಸಿದ. ಆಂಟಿ ಎದ್ದು, ಒಂದು ಹಿಡಿ ಒಣಮೆಣಸಿನಕಾಯಿ, ಉಪ್ಪು ತಂದು ಟಿವಿಗೆ ನಿವಾಳಿಸಿ, ಒಲೆಯ ಮೇಲಿನ ಬಾಣಲೆಗೆ ಹಾಕಿದರು. ಹೊಗೆ ಎದ್ದಿತು. ಆದರೆ ಒಂದಿಷ್ಟೂ ಘಾಟಿಲ್ಲ. ದೃಷ್ಟಿ ತಗಲಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಅಂತ ನಮ್ಮಮ್ಮನೂ ಹೇಳುತ್ತಿದ್ದರು.

ಅಷ್ಟರಲ್ಲಿ ಹೊಗೆಯ ಅಲಾರಂ ಕೂಗಿ, ಇಡೀ ಬಿಲ್ಡಿಂಗ್ ಹೊರಗೆ ಬಂದು, ಫೈರ್ ಎಂಜಿನ್ನೂ ಬಂತು. ದೈತ್ಯನಂಥ ಫೈರ್‌ಮನ್ ಒಬ್ಬ ಒಳಗೆ ಬಂದು ಮಾಸ್ಕ್ ತೆಗೆದು, “ಇಷ್ಟು ಮೆಣಸಿನಕಾಯಿ ಸುಟ್ಟಿದ್ದೀರಿ, ಕೆಮ್ಮೇ ಬರುತ್ತಿಲ್ಲವಲ್ಲ?” ಅಂದ. ಆಂಟಿ ಟಿವಿ ತೋರಿಸಿ, ಅದು ಆ ಹುಡುಗನ ಮೊಣಕೈಗೆ ಮಾಡಿದ್ದು ಎಂದು ವಿವರಿಸಿದರು. ಅವನು ಟಿವಿ ನೋಡಿದ. ಹುಡುಗನನ್ನು ಕೈಹಿಡಿದು ಒಳಗೆ ಕರೆದೊಯ್ದದ್ದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಫೈರ್‌ಮನ್ ಮುಖ ಬಾಡಿತು.

“ಅಮ್ಮಾ,” ಅಂದ ಮೆಲ್ಲಗೆ, “ಇನ್ನೊಂದು ಹಿಡಿ ಹಾಕಿ. ನಾನು ಬಾಗಿಲಲ್ಲಿ ನಿಂತಿರುತ್ತೇನೆ.”

ಧಾರವಾಡದವನ ಜರ್ಸಿ

ಬೇಸ್‌ಬಾಲಿನಲ್ಲಿ ಟ್ರೇಡ್ ಅಂತ ಒಂದಿದೆ. ಒಂದು ಟೀಮು ತನ್ನ ಆಟಗಾರನನ್ನು ಇನ್ನೊಂದು ಊರಿಗೆ ಕೊಟ್ಟು, ಅಲ್ಲಿಂದ ಬೇರೆಯವನನ್ನು ತರುತ್ತದೆ. ಬೆಳಿಗ್ಗೆ ಸ್ಯಾನ್ ಡಿಯಾಗೊದಲ್ಲಿ ಹಲ್ಲುಜ್ಜಿದವನು ಸಂಜೆ ಇನ್ನೆಲ್ಲೋ ಇರುತ್ತಾನೆ. ಸೊರೆಂಟೊ ವ್ಯಾಲಿಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಜಗಳ. ಯಾರನ್ನು ಕೊಡಬೇಕಿತ್ತು, ಯಾರನ್ನು ಕೊಟ್ಟು ಹಾಳಾದರು, ಯಾರಿಗೆ ದಂಡದ ಸಂಬಳ ಅಂತ.

ಧಾರವಾಡದ ಗೆಳೆಯನೊಬ್ಬ ತನ್ನ ಮೆಚ್ಚಿನ ಆಟಗಾರನ ಹೆಸರಿದ್ದ ಜರ್ಸಿ ತೊಟ್ಟು ಸ್ಟೇಡಿಯಮ್ಮಿಗೆ ಬಂದ. ಅಂಕಲ್ ಅದನ್ನು ಸವರಿ, “ಒಳ್ಳೆ ಆಯ್ಕೆ. ಇವನು ಈ ಊರಲ್ಲೇ ರಿಟೈರ್ ಆಗ್ತಾನೆ,” ಅಂದರು. ಆ ವಾರವೇ ಆಟಗಾರ ಟ್ರೇಡ್ ಆದ. ಇವನು ಹಟ ಬಿಡದೆ ಇನ್ನೊಬ್ಬನ ಜರ್ಸಿ ಕೊಂಡ. ಅಂಕಲ್ ಅದನ್ನೂ ಸವರಿದರು. ಅವನೂ ಹೋದ.

ಮೂರನೆಯ ಸಲ ಇವನು ಗೆದ್ದವನ ಹಾಗೆ ನಗುತ್ತಾ ಬಂದ. ಬೆನ್ನ ಮೇಲೆ ಸ್ವಂತ ಹೆಸರು.

“ಈಗ ಹೇಳ್ರಿ ಅಂಕಲ್. ನನ್ನ ಯಾರು ಟ್ರೇಡ್ ಮಾಡ್ತಾರ?”

“ಚೆನ್ನಾಗಿ ಒಪ್ಪುತ್ತೆ ಕಣಯ್ಯ,” ಅಂದರು ಅಂಕಲ್ ಪ್ರೀತಿಯಿಂದ. “ನೀನು ಇಲ್ಲಿ ಬೇರು ಬಿಟ್ಟಾಯ್ತು.”

ಈಗ ಅವನು ನಮ್ಮ ಕಂಪನಿಯ ಡಲ್ಲಾಸ್ ಆಫೀಸಿನಲ್ಲಿದ್ದಾನೆ. ಅಲ್ಲಿ ಸೆಖೆ ಬಹಳ ಅಂತ ಆಗಾಗ ಫೋನ್ ಮಾಡುತ್ತಾನೆ.

ದಂಡದ ಸಂಬಳ

ನಮಗೆ ದುರ್ಬುದ್ಧಿ ಬಂತು. ನಮ್ಮ ಟೀಮಿನಲ್ಲಿ ದೊಡ್ಡ ಸಂಬಳದ ಒಬ್ಬನಿದ್ದ. ಬ್ಯಾಟು ಬೀಸಿದರೆ ಗಾಳಿಗೆ ಮಾತ್ರ ಪೆಟ್ಟು. ಇವನನ್ನು ಅಂಕಲ್ ಒಂದು ಸಲ ಹೊಗಳಿದರೆ ಪೀಡೆ ತೊಲಗುತ್ತದೆ ಎಂದು ಎಲ್ಲರೂ ಸೇರಿ ಅವರನ್ನು ಪೀಡಿಸಿದೆವು.

“ಸುಳ್ಳು ಹೇಳೋದು ನನ್ನ ಕೈಲಾಗಲ್ಲ,” ಅಂದರು ಅಂಕಲ್. “ಅವನ ಆಟದಲ್ಲಿ ಹೊಗಳೋಕೆ ಏನಿದೆ?”

“ಏನಾದರೂ ಒಂದು ಅಂಕಲ್, ಪ್ಲೀಸ್.”

ಅಂಕಲ್ ಕಣ್ಣು ಕಿರಿದು ಮಾಡಿ ಮೈದಾನದ ಕಡೆ ತುಂಬಾ ಹೊತ್ತು ನೋಡಿದರು. “ಗಡ್ಡ ಚೆನ್ನಾಗಿದೆ,” ಅಂದರು.

ಮುಂದಿನ ಆಟಕ್ಕೆ ಅವನು ನುಣ್ಣಗೆ ಬೋಳಿಸಿಕೊಂಡು ಬಂದ. ಯಾಕೆಂದು ಯಾರಿಗೂ ಗೊತ್ತಿಲ್ಲ. ಸಂಬಳ ಮಾತ್ರ ಹಾಗೇ ಇತ್ತು.

ಡೆಲ್ ಮಾರ್‌ನ ಪಿಕ್‌ನಿಕ್

ಎರಡು ಸಾವಿರದ ಎಂಟರಲ್ಲಿ ನಮ್ಮ ಕಂಪನಿಯಲ್ಲಿ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಹಬ್ಬಿತು. ನನ್ನ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಹೆಂಡತಿಗೆ ಏಳು ತಿಂಗಳು. ಕೆಲಸ ಹೋದರೆ ಬಸುರಿಯನ್ನು ಕರೆದುಕೊಂಡು ದೇಶ ಬಿಡಬೇಕು. ನನಗೆ ನಿಜಕ್ಕೂ ಭಯವಾಗಿತ್ತು. ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಕಂಪನಿಯ ಪಿಕ್‌ನಿಕ್, ಡೆಲ್ ಮಾರ್‌ನ ಸಮುದ್ರದ ಪಕ್ಕದ ಪಾರ್ಕಿನಲ್ಲಿ. ಅಂಕಲ್‌ನ ಅಳಿಯನೂ ನಮ್ಮ ಕಂಪನಿಯವನೇ ಆದ್ದರಿಂದ ಅಂಕಲ್, ಆಂಟಿ ಇಬ್ಬರೂ ಬಂದಿದ್ದರು. ಬಂದವರೇ ಅಂಕಲ್ ನನ್ನ ಕೈಹಿಡಿದು, “ಯೋಚನೆ ಮಾಡಬೇಡ ಬೇಟಾ. ನಿನ್ನ ಬಾಸ್ ಹತ್ರ ನಿನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳ್ತೀನಿ,” ಅಂದರು.

ನನ್ನ ಹೆಂಡತಿ ಕುರ್ಚಿ ಹಿಡಿದುಕೊಂಡಳು. ನಾನು ಅಂಕಲ್ ಬಾಯಿಗೆ ಜೋಳದ ತೆನೆ ಕೊಟ್ಟೆ, ಆಮೇಲೆ ಕಲ್ಲಂಗಡಿ ಕೊಟ್ಟೆ. ಅದೂ ಮುಗಿಯಿತು. ಬಾಸ್ ನಮ್ಮ ಕಡೆಗೇ ಬರುತ್ತಿದ್ದ. ಸಮುದ್ರದಿಂದ ಮಂಜು ಎದ್ದು ಮೇಜುಗಳ ನಡುವೆ ಹರಡುತ್ತಿತ್ತು. ಕೊನೆಗೆ ಮಾನ ಬಿಟ್ಟು ಅವರ ಕಿವಿಯಲ್ಲಿ ಹೇಳಿದೆ, “ಅಂಕಲ್, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನನ್ನ ಬೈಯಿರಿ.”

ಬಾಸ್ ಒಳ್ಳೆಯ ಮನುಷ್ಯ, ಬೇಸ್‌ಬಾಲ್ ಹುಚ್ಚ ಬೇರೆ. ನನ್ನ ಹೆಗಲ ಮೇಲೆ ಕೈಯಿಟ್ಟು ತಮಾಷೆಗೆ ಕೇಳಿದ, “ಆಟದ ಪಂಡಿತರು ನೀವೇ ಅಂತೆ. ಇವನನ್ನು ಇಟ್ಟುಕೊಳ್ಳಲೋ, ಟ್ರೇಡ್ ಮಾಡಲೋ?”

ಅಂಕಲ್ ನನ್ನನ್ನು ನೋಡಿದರು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿಲ್ಲ.

“ಇವನಾ?” ಅಂದರು. “ಶುದ್ಧ ಸೋಮಾರಿ. ಮೀಟಿಂಗಿನಲ್ಲಿ ನಿದ್ದೆ ಮಾಡ್ತಾನೆ. ಟ್ರೇಡ್ ಮಾಡಿದರೂ ಯಾರೂ ತಗೊಳ್ಳಲ್ಲ.”

“ಥ್ಯಾಂಕ್ಯೂ ಅಂಕಲ್,” ಎಂದು ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಬಾಸ್ ಅವಳನ್ನು ನೋಡಿ ಕಕ್ಕಾಬಿಕ್ಕಿಯಾದ. ಪಿಕ್‌ನಿಕ್‌ಗೆ ಕರೆದವನ ಮುಂದೆ ಬರೀ ಕೆಟ್ಟ ಮಾತಾಡಿದೆನಲ್ಲ ಎಂದು ಅಂಕಲ್‌ಗೂ ಸಂಕೋಚವಾಗಿರಬೇಕು. ‘ಮಾಶಾ ಅಲ್ಲಾ’ ನೆನಪಿಸಬೇಕಾದ ಆಂಟಿ ದೂರದಲ್ಲಿ ಕಬಾಬಿನ ಸಾಲಿನಲ್ಲಿದ್ದರು. ಅಂಕಲ್ ಬಾಸ್ ಕೈಯನ್ನು ಎರಡೂ ಕೈಯಿಂದ ಹಿಡಿದು, ಮನಸಾರೆ ಹೇಳಿದರು, “ಇಂಥವನನ್ನೂ ಇಟ್ಟುಕೊಂಡು ಕೆಲಸ ತೆಗೀತೀರಲ್ಲ. ನಿಮ್ಮಂಥ ಮ್ಯಾನೇಜರ್ ಸಿಗಲ್ಲ. ನಿಮ್ಮನ್ನು ಈ ಕಂಪನಿಯಲ್ಲಿ ಯಾರೂ ಅಲುಗಾಡಿಸೋಕಾಗಲ್ಲ.”

ಸೋಮವಾರ ನನ್ನ ಕೆಲಸ ಉಳಿಯಿತು. ಬಾಸ್ ರಟ್ಟಿನ ಪೆಟ್ಟಿಗೆಯಲ್ಲಿ ಸಾಮಾನು ತುಂಬಿಕೊಂಡು ಪಾರ್ಕಿಂಗ್ ಲಾಟಿಗೆ ಹೊರಟ. ನನಗೆ ಅವನ ಮುಖ ನೋಡಲಾಗಲಿಲ್ಲ. ಪೆಟ್ಟಿಗೆಯ ಒಂದು ಬದಿ ಹಿಡಿದುಕೊಂಡು ಜೊತೆಗೆ ನಡೆದೆ.

ಕಾರಿನ ಹತ್ತಿರ ಅವನು ನಿಂತ. “ನನ್ನ ಬಗ್ಗೆ ಈಚೆಗೆ ಒಳ್ಳೆಯ ಮಾತಾಡಿದವರು ನಿಮ್ಮ ಅಂಕಲ್ ಒಬ್ಬರೇ,” ಅಂದ. “ಶುಕ್ರವಾರ ಬೇರೆ ಕಡೆ ಇಂಟರ್‌ವ್ಯೂ ಇದೆ. ಅವರು ನನ್ನ ಬಗ್ಗೆ ಹೇಳುವವರೊಬ್ಬರ ರೆಫರೆನ್ಸ್ ಕೇಳುತ್ತಿದ್ದಾರೆ. ನಿಮ್ಮ ಅಂಕಲ್ ಫೋನ್ ನಂಬರ್ ಕೊಡುತ್ತೀಯಾ?”

ನನ್ನನ್ನು ಅಷ್ಟು ವರ್ಷ ಕಾಪಾಡಿದ ಮನುಷ್ಯ. ಅವನ ಋಣ ನನ್ನ ಮೇಲಿತ್ತು. ತಪ್ಪು ನಂಬರ್ ಕೊಟ್ಟೆ.