ಕಾಕಾನ ದುಡಿಯುವ ಕಾಲು

ನಮ್ಮ ಕಾಕಾನ ಎರಡು ಕಾಲುಗಳಲ್ಲಿ ದುಡಿದು ಮನೆ ಸಾಕಿದ್ದು ಇಲ್ಲದ ಕಾಲು! ಸುಳ್ಳು ಅನ್ನಿಸಿದರೆ ಪುಣೆಯ ಬಿಬವೇವಾಡಿಯ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಎಡಗಾಲು ಮೊಣಕಾಲಿನಿಂದ ಕೆಳಗೆ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಹೋಯಿತು. ಅದರ ಲೆಕ್ಕಕ್ಕೆ ವಿಮಾ ಕಚೇರಿಯಿಂದ ತಿಂಗಳು ತಿಂಗಳು ಪಿಂಚಣಿ ಬರತೊಡಗಿತು. ಕಾಕಾ ಉಳಿದ ಬಲಗಾಲನ್ನು ಬೈಯುತ್ತಿದ್ದ: “ಇದು ನೋಡು, ದಂಡಪಿಂಡ! ತಿಂದುಂಡು ಮನ್ಯಾಗ ಬಿದ್ದದ. ಅಂವ ನೋಡು, ಸತ್ತ ಮ್ಯಾಲೂ ರೊಕ್ಕಾ ಕಳಸ್ತಾನ!”

ಆ ರೊಕ್ಕದಲ್ಲಿ ಉಣ್ಣುವವರು ಕಾಕಾ, ಅವನ ಹೆಂಡತಿ ಕಾಕು, ಅವನ ಅಣ್ಣನಾದ ನನ್ನ ಅಪ್ಪ, ಅವ್ವ ಮತ್ತು ನಾನು. ನಮ್ಮೆಲ್ಲರಿಗಿಂತ ಮೊದಲು ಎಲೆ ಹಾಕಿಸಿಕೊಂಡು ಕೂಡುತ್ತಿದ್ದದ್ದು ಅಪ್ಪನ ಸಾಲ. ಅಪ್ಪ ಕಾತ್ರಜದ ಹೆದ್ದಾರಿ ಬದಿಗೆ ಜೋಳದ ರೊಟ್ಟಿಯ ಖಾನಾವಳಿ ಇಟ್ಟಿದ್ದ. ಬಸ್ಸಿನಿಂದ ಇಳಿದವರು ಕನ್ನಡದಲ್ಲಿ “ಯಣ್ಣಾ” ಅಂದರೆ ಸಾಕು, ಉದ್ರಿ! ಆ ಹೆದ್ದಾರಿಯಲ್ಲಿ ಯಣ್ಣಾ ಅನ್ನುವವರಿಗೇನು ಬರವೇ? ಕೊನೆಗೆ ಖಾನಾವಳಿ ಮುಚ್ಚಿತು, ಸಾಲ ಉಳಿಯಿತು, ಅಪ್ಪ ಒಳಕೋಣೆ ಸೇರಿ ಮಾತು ಬಿಟ್ಟ. ಅವ್ವ ಮತ್ತು ಕಾಕು ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದರು. ಆದರೆ ಅದು ಹಿಟ್ಟಿಗೂ ಗ್ಯಾಸಿಗೂ ಸರಿಹೋಗುತ್ತಿತ್ತು. ಪಿಂಚಣಿ ನಿಂತಿತೆಂದರೆ ನಾವು ಮಲಗಿದಂತೆಯೇ. ಈ ಹೆದರಿಕೆ ನಮ್ಮ ಮನೆಯಲ್ಲಿ ಒಲೆಯ ಹೊಗೆಯಂತೆ ಸದಾ ಇರುತ್ತಿತ್ತು.

ಹಾಗಾಗಿ ಕಾಕಾನ ಮಿತವ್ಯಯ ಶುರುವಾಯಿತು. ಎಡಗಡೆ ಕೃತಕ ಕಾಲು ಕಟ್ಟುತ್ತಿದ್ದ ಕಾಕಾನ ಕಾಲುಚೀಲಗಳಲ್ಲಿ ಕಾಕು ಒಗೆಯಬೇಕಾದದ್ದು ಬಲಗಾಲಿನದನ್ನು ಮಾತ್ರ. “ಎಡಗಾಲಿಗೆ ಬೆವರೆಲ್ಲಿ ಬರ್ತದ? ಸಾಬೂನೇನು ಪುಗಸಟ್ಟೆ ಬಂದದ?” ಎಂಬುದು ಕಾಕಾನ ವಾದ. ಪರಿಣಾಮವಾಗಿ ಒಂದು ಚೀಲ ಒಗೆದು ಒಗೆದು ಬೆಳ್ಳಗಾಯಿತು, ಇನ್ನೊಂದು ಕರ್ರಗೇ ಉಳಿಯಿತು. ಬೇರೆ ಬೇರೆ ಜೋಡಿಯೇ ಎಂದು ಜನ ಕೇಳಿದರೆ, “ಇಲ್ರಿ, ಸಖ್ಖಾ ಅಣ್ಣತಮ್ಮಂದಿರು, ಒಬ್ಬಾಂವ ಬಿಸಲಾಗ ದುಡದಾನ” ಎಂದುಬಿಡುತ್ತಿದ್ದ. ಉಳ್ಳಾಗಡ್ಡಿ ತುಟ್ಟಿಯಾದ ವರ್ಷ ಅದನ್ನು ಹೆಚ್ಚುವ ಅಧಿಕಾರವನ್ನು ಕಾಕುವಿನ ಕೈಯಿಂದ ಕಿತ್ತು ತಾನೇ ಇಟ್ಟುಕೊಂಡ. ಅವನು ಹೆಚ್ಚಿದ ಚೂರಿನ ಆಚೆಗೆ ಗೋಡೆ ಕಾಣುತ್ತಿತ್ತು.

ಎಲ್ಲಕ್ಕಿಂತ ಮಜಾ ಬಾಗಿಲ ಬೆಲ್ಲಿನದು. ಒಂದು ದಿನ ಅದನ್ನು ಕಿತ್ತು ಅಟ್ಟಕ್ಕೆ ಎಸೆದ. “ಕರೆಂಟ್ ಎಳೀತದ” ಎಂದ. ಬೆಲ್ಲು ಎಷ್ಟು ಕರೆಂಟು ಎಳೆದೀತು! ಕಾಕು ಹಣೆ ಚಚ್ಚಿಕೊಂಡಳು. ಅಂದಿನಿಂದ ನಮ್ಮ ಮನೆಗೆ ಬಂದವರು ಬಾಗಿಲ ಹೊರಗೆ ನಿಂತು ಕೆಮ್ಮಬೇಕು. ಮೇಲಿನ ಮನೆಯ ಅಜ್ಜನಿಗೆ ದಮ್ಮು ಇತ್ತು. ಅವನು ಮೆಟ್ಟಿಲು ಹತ್ತಿದಾಗಲೆಲ್ಲ ಅವ್ವ ಓಡಿ ಬಾಗಿಲು ತೆರೆಯುತ್ತಿದ್ದಳು!

ಪಿಂಚಣಿ ಕೈಗೆ ಬಂದ ದಿನ ಕಾಕಾ ಕೃತಕ ಕಾಲು ಕಟ್ಟಿಕೊಂಡು, ಬೂಟು ಏರಿಸಿ, ಮೆಟ್ಟಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ: “ಯೆರವಡಾಕ್ಕ ಹೊಂಟೇನಿ!” ಪುಣೆಯಲ್ಲಿ ಯೆರವಡಾ ಅಂದರೆ ಮೊದಲು ನೆನಪಾಗುವುದು ಜೈಲು. ನೆರೆಯವರು ಗಾಬರಿಯಾಗಿ ನೋಡಿದರೆ, “ಸಂಜೀಕ ಬಿಟ್ಟುಬಿಡ್ತಾರ, ಚಿಂತಿ ಮಾಡಬ್ಯಾಡ್ರಿ” ಎಂದು ಸಮಾಧಾನ ಬೇರೆ! ಹೋಗುತ್ತಿದ್ದದ್ದು ಅಪ್ಪನಿಗೆ ಸಾಲ ಕೊಟ್ಟ ಸೇಠಜಿಯ ಅಂಗಡಿಗೆ. ಸಾಲ ಮಾಡಿದವರು ಕೊಟ್ಟವರನ್ನು ಕಂಡು ಅಡಗುವುದು ಲೋಕರೂಢಿ. ಇಲ್ಲಿ ಸೇಠಜಿಯೇ ಅಡಗುತ್ತಿದ್ದ! ಯಾಕೆಂದರೆ ಕಾಕಾ ವಾಯಿದೆಗಿಂತ ಮೊದಲೇ ಹಾಜರಾಗಿ, ಸಣ್ಣ ನೋಟು ಎಣಿಸಿ ಕೊಟ್ಟು, ಚಹಾ ಕುಡಿದು, ಕಾಲು ಹೋದ ಕಥೆಯನ್ನು ಮೊದಲಿನಿಂದ ಹೇಳಿ, ತಕ್ಕಡಿ ಹೇಗೆ ಇಡಬೇಕೆಂದು ಬುದ್ಧಿ ಹೇಳಿ, ಇನ್ನೊಂದು ಚಹಾ ಕುಡಿದೇ ಏಳುತ್ತಿದ್ದದ್ದು. ಸೇಠಜಿ ಒಮ್ಮೆ ಕೈಮುಗಿದನಂತೆ.

“ಅಹೋ, ನೀವು ಬರೋದು ಬೇಡ. ನಮ್ಮ ಮನುಷ್ಯನನ್ನೇ ನಿಮ್ಮ ಮನೆಗೆ ಕಳಿಸುತ್ತೇನೆ!”

ಅದನ್ನು ನಮಗೆ ಹೇಳುವಾಗ ಮಾತ್ರ ಕಾಕಾ ನಗಲಿಲ್ಲ. “ಮನಿಗಿ ಯಾರೂ ಬರೂದು ಬ್ಯಾಡ ಅಂತ ಹೇಳಿ ಬಂದೇನಿ” ಎಂದ, ಮಾತು ಮುಗಿಸಿದ.

ಇನ್ನು ವರ್ಷಕ್ಕೊಮ್ಮೆ ಬರುವ ವೈದ್ಯಕೀಯ ತಪಾಸಣೆ! ಹೋದ ಕಾಲು ಇನ್ನೂ ಹೋಗಿಯೇ ಇದೆ ಎಂದು ಡಾಕ್ಟರು ನೋಡಿ ಸಹಿ ಹಾಕಬೇಕು. ಈ ನಡುವೆ ಚಿಗುರಿದ್ದರೆ? ಆ ವಾರ ಬಂತೆಂದರೆ ಅವ್ವನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ವರ್ಷ ಹೊಸ ಡಾಕ್ಟರು ಬಂದಿದ್ದಾನೆ, ನೆಟ್ಟಗೆ ನಡೆಯುವವರ ಪಿಂಚಣಿ ಕತ್ತರಿಸುತ್ತಾನೆ ಎಂಬ ಸುದ್ದಿ ಬಂತು. ಕಾಕಾನೋ, ಸೈನ್ಯದ ಸುಬೇದಾರನಂತೆ ನಡೆಯುವವನು!

“ಅಲ್ರೀ, ಒಂದ್ ಸ್ವಲ್ಪ ಕುಂಟ್ರಿ. ನಿಮಗೇನು ಕಡಿಮಿ ಆಗ್ತದ?” ಎಂದು ಕಾಕು ಗೋಗರೆದಳು.

“ಕಾಲು ಕಟ್ಟಿಕೊಂಡು ನೆಟ್ಟಗ ನಡೀಲಿಕ್ಕೆ ಒಂದ್ ವರ್ಷ ಬಿದ್ದೇನಿ, ಎದ್ದೇನಿ. ಈಗ ಕುಂಟು ಅಂತೀಯಲ್ಲ! ಆಗೂದಿಲ್ಲ.”

ಕಾಕು ಸುಮ್ಮನಾದಳು. ಅವಳು ಸುಮ್ಮನಾದಾಗಲೇ ನಾವು ಹೆದರಬೇಕಿತ್ತು. ಮರುದಿನ ಬೆಳಿಗ್ಗೆ ಕಾಕಾ ಸ್ನಾನಕ್ಕೆ ಹೋದಾಗ, ಹೊಸ್ತಿಲ ಬಳಿ ತನ್ನತ್ತ ಮೂತಿ ಮಾಡಿದ್ದ ಬೂಟುಗಳಲ್ಲಿ ಒಂದಕ್ಕೆ ಒಂದು ಮುಷ್ಟಿ ಕಡಲೆಕಾಳು ಸುರಿದಳು. ಕಾಳು ಚುಚ್ಚಿದರೆ ತಾನಾಗಿಯೇ ಕುಂಟುತ್ತಾನೆ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯೇ ಇತ್ತು, ಬೂಟು ತಪ್ಪಿತ್ತು! ಎದುರಿಗೆ ನಿಂತು ನೋಡಿದವಳಿಗೆ ಎಡ ಬಲವಾಗಿ, ಬಲ ಎಡವಾಗಿ, ಕಾಳು ಬಿದ್ದದ್ದು ಕೃತಕ ಕಾಲಿನ ಬೂಟಿಗೆ. ಆ ಕಾಲಿಗೆ ಕಾಳೇನು, ಗಾಜು ಸುರಿದರೂ ತಿಳಿಯಬೇಕೆ?

ನಾನೇ ಅವನ ಜೊತೆ ಹೋಗಿದ್ದೆ. ಕಾಕಾ ಎದೆ ಎತ್ತಿ ಸರಸರ ನಡೆದು ಒಳಗೆ ಹೋದ. ಡಾಕ್ಟರು ಕನ್ನಡಕದ ಮೇಲಿಂದ ನೋಡಿ ಮರಾಠಿಯಲ್ಲಿ ಹೇಳಿದ: “ಚೆನ್ನಾಗಿ ನಡೆಯುತ್ತೀರಲ್ಲ. ಕೆಲಸ ಮಾಡಬಹುದು. ಪಿಂಚಣಿ ಕಡಿಮೆ ಮಾಡಬೇಕಾಗುತ್ತದೆ.” ಒಳಕೋಣೆಯಲ್ಲಿ ಗೋಡೆ ನೋಡುತ್ತ ಕೂತ ಅಪ್ಪ ಕಣ್ಣ ಮುಂದೆ ಬಂದ. “ಬೂಟು ಬಿಚ್ಚಿ, ಕಾಲು ನೋಡೋಣ” ಎಂದ ಡಾಕ್ಟರು.

ಕಾಕಾ ಬೂಟು ಎಳೆದ. ಟಪಟಪ ಅಂತ ಕಡಲೆಕಾಳು ನೆಲದ ತುಂಬ ಉರುಳಿದವು. ಒಂದು ಕಾಳು ಡಾಕ್ಟರ ಕುರ್ಚಿಯ ಕೆಳಗೇ ಹೋಯಿತು.

“ಹೇ ಕಾಯ್?” ಏನಿದು ಎಂದ ಡಾಕ್ಟರು.

ಕಾಕಾ ಒಂದು ಕ್ಷಣ ಕಾಳು ನೋಡಿದ. ಕಾಕುವಿನ ಕೈವಾಡ ಹೊಳೆದಿರಬೇಕು, ಮೀಸೆಯ ಅಂಚು ಅಲುಗಿತು. ಆಮೇಲೆ ತನ್ನ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಗಂಭೀರವಾಗಿ ಹೇಳಿದ: “ಸಾಹೇಬ್ರ, ಬಿಬವೇವಾಡಿಯಿಂದ ಇಲ್ಲೀತನಕ ಇವನ್ನ ತುಳಕೋತ ಬಂದೇನಿ, ನನಗ ಗೊತ್ತ ಇಲ್ಲ. ನಾಳೆ ಯಂತ್ರದ ಮುಂದ ಮೊಳಿ ತುಳದ್ರೂ ಗೊತ್ತಾಗೂದಿಲ್ಲ. ಇಂಥಾ ಕಾಲಿಗೆ ಕೆಲಸಾ ಕೊಡ್ತೀರೇನು?”

ಡಾಕ್ಟರು ಮೊದಲು ಕೆಮ್ಮಿದ, ಆಮೇಲೆ ತಡೆಯಲಾರದೆ ನಕ್ಕ, ನಗುತ್ತಲೇ ಸಹಿ ಹಾಕಿದ. ಕಾಕಾ ಹೊರಡಲಿಲ್ಲ. ಬಗ್ಗಿ ಒಂದೊಂದೇ ಕಾಳು ಆರಿಸಿ ಜೇಬಿಗೆ ಹಾಕಿಕೊಂಡ. “ಸಾಹೇಬ್ರ, ಸ್ವಲ್ಪ ಕುರ್ಚಿ ಸರಸ್ರಿ” ಎಂದು ಕೊನೆಯದನ್ನೂ ಬಿಡಲಿಲ್ಲ. ಅಂದು ನಮ್ಮ ಮನೆಯಲ್ಲಿ ಆ ಕಾಳಿನದೇ ಉಸುಳಿ! ಕಾಕು ತೊಳೆದಳು ಅನ್ನಿ, ಆದರೂ ನಾನು ತಿನ್ನಲಿಲ್ಲ.

ಹೀಗೇ ವರ್ಷಗಳು ಸವೆದವು. ನನಗೂ ಒಂದು ಸಣ್ಣ ನೌಕರಿ ಸಿಕ್ಕಿತು. ಕೊನೆಯ ಕಂತು ಕೊಟ್ಟ ದಿನ ಸೇಠಜಿಯೇ ಪೇಢೆ ಕೊಟ್ಟು, “ಮುಂದಿನ ತಿಂಗಳು ಚಹಾಕ್ಕಾದರೂ ಬನ್ನಿ” ಎಂದನಂತೆ. ಕಾಕಾ ಮನೆಗೆ ಬಂದವನೇ ಕೂಡಲಿಲ್ಲ. ಅಟ್ಟದಿಂದ ಹಳೆಯ ಬೆಲ್ಲು ತೆಗೆಸಿ, ಧೂಳು ಒರೆಸಿ, ಮತ್ತೆ ಬಾಗಿಲಿಗೆ ಹಚ್ಚತೊಡಗಿದ.

“ಈಗ ಕರೆಂಟ್ ಎಳ್ಯೂದಿಲ್ಲೇನು?” ಕಾಕು ಕಾಲೆಳೆದಳು.

“ಬೆಲ್ಲಿಗೆಂಥಾ ಕರೆಂಟು? ಕಾರ್ಖಾನ್ಯಾಗ ದುಡದಾಂವ ನಾನು, ನನಗ ಅಷ್ಟು ತಿಳಿಯೂದಿಲ್ಲೇನು?” ಕಾಕಾ ದನಿ ತಗ್ಗಿಸಿದ. “ಅದು ಹೊಡಕೊಂಡಾಗೊಮ್ಮೆ ಯಾರೋ ಸಾಲಾ ಕೇಳ್ಲಿಕ್ಕೆ ಬಂದ್ರಂತ ಅಣ್ಣ ಬೆಚ್ಚಿ ಏಳತಿದ್ದ. ಕೈಯಾಗಿನ ಚಹಾ ಚೆಲ್ಲತಿತ್ತು. ನೋಡ್ಲಿಕ್ಕಾಗ್ತಿದ್ದಿಲ್ಲ ನನಗ.”

ಕಾಕು ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಕುರ್ಚಿಯಲ್ಲಿ ಕೂತು ಕಾಲು ಬಿಚ್ಚಿಟ್ಟು ಒಳಕೋಣೆಯತ್ತ ಕೂಗಿದ: “ಅಣ್ಣಾ, ನಾ ಕಾಲು ಬಿಚ್ಚೇನಿ, ಏಳ್ಲಿಕ್ಕಾಗೂದಿಲ್ಲ. ನೀನ ಹೊರಗ ಹೋಗಿ ಒಮ್ಮೆ ಒತ್ತಿ ನೋಡು.”

ಅಪ್ಪ ನಿಧಾನವಾಗಿ ಎದ್ದು ಬಂದ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಬೆಲ್ಲು ಹೊಡೆದುಕೊಂಡಿತು. ಮತ್ತೊಮ್ಮೆ ಹೊಡೆದುಕೊಂಡಿತು.

ಏಳಲಾಗುವುದಿಲ್ಲ ಎಂದಿದ್ದ ಕಾಕಾ ಗೋಡೆ ಹಿಡಿದು ಎದ್ದ. ದಂಡಪಿಂಡ ಎಂದು ಬೈಸಿಕೊಂಡ ಆ ಬಲಗಾಲಿನ ಮೇಲೆಯೇ ಕುಪ್ಪಳಿಸುತ್ತ ಹೋಗಿ ಅಣ್ಣನಿಗೆ ಬಾಗಿಲು ತೆಗೆದ.

“ಬರ್ರಿ, ಒಳಗ ಬರ್ರಿ” ಎಂದ.